ಮೇಲಿನ ಮನೆಯವಳು ಏಳದಿದ್ದರೆ

"ಅಕ್ಕಾ, ಹೊಟ್ಟಿಕಿಚ್ಚು ಬಿಡೂದು ಹ್ಯಾಂಗ?"

ಕೇಳಿದವಳು ನೀಲಗಂಗಾ. ಕೇಳಿಸಿಕೊಂಡವಳು ಸಾವಂತ್ರಕ್ಕ. ಊರ ಹೊರಗೆ ಬಡವರಿಗೆಂದು ಕಟ್ಟಿದ ಮಹಡಿ ಮನೆಗಳಲ್ಲಿ ಹೆಂಗಸರಿಗೆ ಬದುಕಿನ ಪಾಠ ಹೇಳುವುದು ನೀಲಗಂಗಾಳ ಕೆಲಸ. ಆ ಕೆಲಸವನ್ನು ಅವಳಿಗೆ ಕಲಿಸಿದವಳು ಸಾವಂತ್ರಕ್ಕ. ಈಗ ಅವಳು ಪಾಠ ಬಿಟ್ಟು ಜಗುಲಿಯ ಮೇಲೆ ಕೂತು ಮೆಂತ್ಯೆ ಸೊಪ್ಪು ಸೋಸುತ್ತಾಳೆ. ಬಂದವರು ಕೇಳಿದ್ದಕ್ಕೆ ಉತ್ತರ ಹೇಳುತ್ತಾಳೆ. ಉತ್ತರ ಹೇಳಲು ಮನಸ್ಸಿಲ್ಲದಿದ್ದರೆ ಕತೆ ಹೇಳುತ್ತಾಳೆ.

"ಯಾರ ಮ್ಯಾಲ?" ಎಂದಳು ಸಾವಂತ್ರಕ್ಕ.

"ನಾನೇ ಕಲಿಸಿದಾಕಿ ಮ್ಯಾಲ. ನಿನ್ನೆ ಮೊನ್ನೆ ತನಕ ನನ್ನ ಚೀಲ ಹೊತ್ತು ಹಿಂದ ಬರತಿದ್ಲು. ಇವತ್ತ ಆಕೀದೇ ಪಾಠ ಐತಿ. ನನ್ನನ್ನೂ ಕರದಾಳ. ಬಸ್ ಸ್ಟ್ಯಾಂಡ್ ತನಕ ಹೋಗಿದ್ದೆ. ಕಾಲು ಮುಂದ ಬರಲಿಲ್ಲ. ಈ ಕಡೆ ಬಸ್ ಹತ್ತಿದೆ."

ಸಾವಂತ್ರಕ್ಕ ಇನ್ನೊಂದು ಕಟ್ಟು ಬಿಚ್ಚಿ ಅರ್ಧ ಸೊಪ್ಪನ್ನು ಅವಳ ಮುಂದೆ ಹಾಕಿದಳು. ಆಮೇಲೆ ಕತೆ ಶುರುಮಾಡಿದಳು.

ಒಬ್ಬ ಶಿಕ್ಷಕಿ ದಾರಿ ತಪ್ಪಿ ನಿಂತಿದ್ದಳು.

ಎತ್ತ ನೋಡಿದರೂ ಒಂದೇ ಬಣ್ಣದ ಕಟ್ಟಡ, ಒಂದೇ ಅಳತೆಯ ಕಿಟಕಿ, ಒಂದೇ ಕಡೆಗೆ ತಿರುಗುವ ಮೆಟ್ಟಿಲು. ಗೋಡೆಯ ಮೇಲೆ ನಂಬರು ಬರೆಯುವವರು ಇನ್ನೂ ಬಂದಿರಲಿಲ್ಲ. ಅವಳು ಹತ್ತಾರು ಊರು ಕಂಡವಳು. ಭಾಷೆ ಬಾರದ ಊರಿನಲ್ಲೂ ದಾರಿ ಕೇಳಿಕೊಂಡು ಹೋಗಿ, ಉಂಡು, ನಗಿಸಿ ಬಂದವಳು. ಇಲ್ಲಿ ಒಂದು ಕಟ್ಟಡವನ್ನು ಸುತ್ತಿ ಬಂದು ಆಗಲೇ ನೋಡಿದ್ದ ಎಮ್ಮೆಯನ್ನು ಮತ್ತೆ ಎದುರುಗೊಂಡಳು. ಎಮ್ಮೆ ಗುರುತು ಸಿಕ್ಕಂತೆ ನೋಡಿತು. ಅವಳು ಬಟ್ಟೆ ಹಿಂಡುತ್ತಿದ್ದ ಒಬ್ಬ ಹೆಂಗಸನ್ನು ಕೇಳಿದಳು.

"ಇಲ್ಲಿ ಪಾಠ ಎಲ್ಲಿ ನಡೀತೈತ್ರೀ?"

"ಯಾವ ಪಾಠರಿ? ಆಫೀಸಿನವರದೋ, ಬಳಿಗಾರ್ತೀದೋ?"

"ಎರಡರಾಗ ಏನು ಫರಕು?"

"ಆಫೀಸಿನವರದಾದ್ರ ಚಾ ಕೊಡ್ತಾರ. ಬಳಿಗಾರ್ತೀದಾದ್ರ ಮಂದಿ ಬರ್ತಾರ."

ಶಿಕ್ಷಕಿ ಮುಖ ಸಿಂಡರಿಸಿ, "ಬಳಿಗಾರ್ತೀದು" ಎಂದಳು. ಅದನ್ನು ತನ್ನ ಬಾಯಿಂದಲೇ ಹೇಳಬೇಕಾಯಿತಲ್ಲ ಎಂದು ಉರಿದುಕೊಂಡಳು.

"ನಿಲ್ರಿ, ನಾನೂ ಅಲ್ಲೇ ಹೊಂಟೀನಿ" ಎಂದು ಹೆಂಗಸು ಬಟ್ಟೆಯನ್ನು ಹಗ್ಗದ ಮೇಲೆ ಎಸೆದು ಹೊರಟಳು.

ದಾರಿಯಲ್ಲಿ ಶಿಕ್ಷಕಿಗೆ ತಡೆಯಲಾಗಲಿಲ್ಲ. ಆ ಬಳೆಗಾರ್ತಿ ಇದನ್ನೆಲ್ಲ ಎಲ್ಲಿ ಕಲಿತಳು ಎಂದು ಕೇಳಿದಳು. "ಕಲಿಯೂದೇನ್ ಬಂತ್ರೀ, ಆಕೀಗೆ ಬಾಯಾಗ ಬರ್ತೈತಿ" ಎಂದಳು ಹೆಂಗಸು. ಸ್ವಲ್ಪ ದೂರ ನಡೆದ ಮೇಲೆ ಏನೋ ನೆನಪಾಯಿತು. "ಹಾಂ, ಮೊದಲ ಆಕೀ ಇದ್ದಲ್ಲಿ ಯಾರೋ ಒಬ್ಬ ಟೀಚರಬಾಯಿ ಬರತಿದ್ಲಂತ. ಚಿತ್ರ ತೋರಸತಿದ್ಲಂತ." ಮತ್ತೆ ತಿರುಗಿ ನೋಡಿ, "ನೀವೂ ಮುಯ್ಯಿಗೆ ಬಂದೀರೇನು?" ಎಂದಳು.

ಬಳೆಗಾರ್ತಿಯ ಮುಯ್ಯಿಯ ಸಾಲ ಶಿಕ್ಷಕಿಯ ಮೇಲೆ ನಿಜವಾಗಿಯೂ ಇತ್ತು. ಅದನ್ನು ತೀರಿಸಲು ಅವಳು ಬಂದಿರಲಿಲ್ಲ.

ಅದು ಹೀಗೆ. ಕೆಲವು ವರ್ಷಗಳ ಹಿಂದೆ ಕಾಲುವೆಯ ಪಕ್ಕದ ಗುಡಿಸಲುಗಳನ್ನು ಕಿತ್ತು, ಅಲ್ಲಿದ್ದವರಿಗೆ ಮಹಡಿ ಮನೆ ಕೊಟ್ಟಿದ್ದರು. ಚೀಟಿ ಎತ್ತಿ ಹಂಚಿದ ಮನೆಗಳು. ಗೋಡೆಗೆ ಗೋಡೆ ತಾಗಿಸಿಕೊಂಡು ಇದ್ದವರು ಬೇರೆ ಬೇರೆ ಮೆಟ್ಟಿಲಿಗೆ ಹೋದರು. ಮುಖ ನೋಡದವರು ಒಂದೇ ಮೆಟ್ಟಿಲಿಗೆ ಬಂದರು. ನೆಲದ ಮೇಲೆ ಬದುಕಿದ ಜನ. ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಬದುಕುವುದು ಅವರಿಗೆ ಗೊತ್ತಿರಲಿಲ್ಲ. ಅದನ್ನು ಕಲಿಸಿ ಬಾ ಎಂದು ಆಫೀಸಿನವರು ಈ ಶಿಕ್ಷಕಿಯನ್ನು ಕಳಿಸಿದ್ದರು. ಗ್ಯಾಸ್ ಸೋರಿದರೆ ಏನು ಮಾಡಬೇಕು, ಕಸ ಎಲ್ಲಿ ಹಾಕಬೇಕು, ನೀರು ಬಾರದಿದ್ದರೆ ಯಾರ ಮುಂದೆ ನಿಂತು ಹೇಗೆ ಮಾತಾಡಬೇಕು, ಮೇಲಿನ ಮನೆಯ ಮಗು ದಡದಡ ಓಡಿದರೆ ಸಿಟ್ಟನ್ನು ಹೇಗೆ ನುಂಗಬೇಕು. ಎಲ್ಲಕ್ಕೂ ಅವಳ ಹತ್ತಿರ ಚಿತ್ರ ಇತ್ತು. ನೋಡುವವರು ಇರಲಿಲ್ಲ.

"ಬದುಕೂದು ಕಲಸ್ತೀಯೇನವ್ವಾ? ಮತ್ತ ಇಷ್ಟ ದಿನ ನಾವು ಏನು ಮಾಡಾಕತ್ತಿದ್ವಿ?" ಎಂದು ಒಬ್ಬ ಮುದುಕಿ ಬಾಗಿಲಲ್ಲೇ ಕೇಳಿ ಬಾಗಿಲು ಹಾಕಿಕೊಂಡಳು. ಶಿಕ್ಷಕಿ ಖಾಲಿ ಕೋಣೆಗೆ ಬಂದು ಕೂತಳು.

ಆಗ ಒಬ್ಬ ಬಳೆಗಾರ್ತಿ ಒಳಗೆ ಇಣುಕಿದಳು. ಅಲ್ಲಿಯ ಪ್ರತಿ ಮನೆಯ ಹೆಂಗಸಿನ ಕೈಯಳತೆ ಅವಳಿಗೆ ಗೊತ್ತಿತ್ತು. "ಮಂದಿ ಬೇಕೇನ್ರೀ? ಮುಯ್ಯಿ ಹಾಕಿ ಕರಕೊಂಡು ಬರ್ತೀನಿ" ಎಂದಳು.

ಗುಡಿಸಲಿನ ಕಾಲದಿಂದಲೂ ಆ ಜನರಲ್ಲಿ ಮುಯ್ಯಿ ನಡೆದುಕೊಂಡು ಬಂದಿತ್ತು. ಇವತ್ತು ನೀನು ನನ್ನ ಮಾಡಿಗೆ ತಗಡು ಹೊದಿಸಲು ಬಾ, ನಾಳೆ ನಾನು ನಿನ್ನ ಮನೆಯ ಖಾರ ಕುಟ್ಟಲು ಬರುತ್ತೇನೆ. ಒಂದು ಕೈಗೆ ಒಂದು ಕೈ. ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಬಳೆಗಾರ್ತಿ ಮನೆ ಮನೆಗೆ ಹೋಗಿ, ನನ್ನ ಸಲುವಾಗಿ ಒಂದು ದಿನ ಬಂದು ಕೂಡ್ರಿ, ನೀವು ಕರೆದಾಗ ನಾನು ಬರುತ್ತೇನೆ ಎಂದಳು. ಮರುದಿನ ಕೋಣೆ ತುಂಬಿತು. ಬಂದವರಿಗೆ ಪಾಠ ಬೇಕಿರಲಿಲ್ಲ. ಮುಯ್ಯಿಗೆ ಬಂದಿದ್ದರು. ಆದರೂ ಕೂತ ಮೇಲೆ ಕಿವಿ ಕೇಳಬೇಕಲ್ಲ, ಕೇಳಿದರು. ಬಳೆಗಾರ್ತಿ ಆಮೇಲೆ ಒಬ್ಬೊಬ್ಬರದನ್ನೂ ತೀರಿಸಿದಳು. ಒಂದು ಮನೆಗೆ ಶಾವಿಗೆ ಹೊಸೆಯಲು ಹೋದಳು. ಇನ್ನೊಂದು ಮನೆಯ ಬಾಣಂತಿಗೆ ನೀರು ಕಾಯಿಸಿ ಎರೆದಳು.

"ಹಂಗಾರ ನಿನ್ನ ಮುಯ್ಯಿ ನನ್ನ ಮ್ಯಾಲ ಉಳೀತು" ಎಂದು ಶಿಕ್ಷಕಿ ನಕ್ಕಳು.

"ಉಳೀತ್ರೀ" ಎಂದಳು ಬಳೆಗಾರ್ತಿ. ಅವಳು ನಗಲಿಲ್ಲ.

ಶಿಕ್ಷಕಿ ಅಲ್ಲಿ ಹೇಳಿದ ಪಾಠಗಳಲ್ಲಿ ಒಂದು ಬಹಳ ಹೆಸರು ಮಾಡಿತು. ಅದು ಮೆಟ್ಟಿಲಿನ ಪಾಠ.

ಗುಡಿಸಲಿನ ಹೆಂಗಸರು ಬೆಳಿಗ್ಗೆ ಎದ್ದು ಬಾಗಿಲ ಮುಂದೆ ಥಳಿ ಹೊಡೆಯುತ್ತಿದ್ದರು. ಸಗಣಿ ನೀರು ಎರಚಿ, ಗುಡಿಸಿ, ರಂಗೋಲಿ ಎಳೆಯುತ್ತಿದ್ದರು. ಮಹಡಿಗೆ ಬಂದ ಮೇಲೂ ಬಿಡಲಿಲ್ಲ. ಬಾಗಿಲು ಇದ್ದ ಮೇಲೆ ಥಳಿ ಬೇಡವೇ? ಆದರೆ ಇಲ್ಲಿ ನೀರು ಕುಡಿಯುವ ಮಣ್ಣು ಇರಲಿಲ್ಲ. ಮೇಲಿನವಳು ಹೊಡೆದ ಥಳಿ ಮೆಟ್ಟಿಲು ಇಳಿದು ಬಂದು ಕೆಳಗಿನವಳ ರಂಗೋಲಿಯನ್ನು ಎತ್ತಿಕೊಂಡು ಹೋಗುತ್ತಿತ್ತು. ಕೆಳಗಿನವಳು ಇನ್ನೊಮ್ಮೆ ಹಾಕುವಳು. ಅಷ್ಟರಲ್ಲಿ ನಡುವಿನವಳು ಏಳುವಳು. "ನನ್ನ ಹೊಸ್ತಿಲಿನ ಲಕ್ಷ್ಮೀ ಮ್ಯಾಲ ನಿನ್ನ ಸಗಣಿ ನೀರು ಬಿಡ್ತೀಯೇನ?" ಎಂಬ ಕೂಗಿನಿಂದಲೇ ಅಲ್ಲಿ ಬೆಳಗಾಗುತ್ತಿತ್ತು. ಒಂದು ಜಗಳ ಪೊಲೀಸರವರೆಗೂ ಹೋಗಿತ್ತು.

ಥಳಿ ಬಿಡಿ ಎಂದು ಶಿಕ್ಷಕಿ ಹೇಳಲಿಲ್ಲ. ಹೇಳಿದ್ದರೆ ಯಾರೂ ಬಿಡುತ್ತಿರಲಿಲ್ಲ. "ಮ್ಯಾಲಿನಾಕಿ ಮೊದಲು" ಎಂದಳು. ಮೇಲಿನ ಮನೆಯವಳು ಮೊದಲು ಹೊಡೆಯಲಿ. ಆ ನೀರು ಇಳಿದ ಮೇಲೆ ಅವಳ ಕೆಳಗಿನವಳು, ಅದಾದ ಮೇಲೆ ಅವಳ ಕೆಳಗಿನವಳು. ಕೊನೆಗೆ ನೆಲದ ಮನೆಯವಳು. ಆಗ ಒಬ್ಬಳ ನೀರು ಇನ್ನೊಬ್ಬಳ ರಂಗೋಲಿಯನ್ನು ಮುಟ್ಟುವುದಿಲ್ಲ. ಜಗಳ ನಿಂತಿತು. ಆಫೀಸಿನವರು ಬಂದು ರಂಗೋಲಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಶಿಕ್ಷಕಿಯನ್ನು ಬೇರೆ ಬೇರೆ ಊರಿಗೆ ಕರೆದರು. ಅವಳು ಹೋದಲ್ಲೆಲ್ಲ ಮೆಟ್ಟಿಲಿನ ಪಾಠ ಹೇಳಿದಳು. ಹೋದಲ್ಲೆಲ್ಲ ಚಪ್ಪಾಳೆ.

ಒಂದು ದೂರದ ಊರಿನಲ್ಲಿ ಚಪ್ಪಾಳೆ ಮುಗಿದ ಮೇಲೆ ಒಬ್ಬ ಅಧಿಕಾರಿ ಹತ್ತಿರ ಬಂದ. "ಚೆನ್ನಾಗಿ ಹೇಳಿದಿರಿ ಮೇಡಂ. ಇದನ್ನೇ ನಿಮ್ಮ ಕಡೆ ಯಾರೋ ಬಳೆಗಾರ್ತಿ ಹೇಳ್ತಾಳಂತಲ್ಲ. ಅವಳಿಂದ ಕಲಿತಿರಾ?" ಎಂದ.

ಶಿಕ್ಷಕಿ ಅಂದು ಊಟ ಮಾಡಲಿಲ್ಲ. ಹೊಟ್ಟೆಕಿಚ್ಚು ಮನಸ್ಸಿನ ಕೊಳೆ ಎಂದು ಊರೂರಿನಲ್ಲಿ ಹೇಳಿದವಳು ಅವಳು. ಅದಕ್ಕೂ ಅವಳ ಚೀಲದಲ್ಲಿ ಒಂದು ಚಿತ್ರ ಇತ್ತು. ಆ ಚಿತ್ರವನ್ನು ಹೊರಗೆ ತೆಗೆಯುವ ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ಎದುರು ಸೀಟಿನವಳ ಬಳೆ ಸದ್ದು ಮಾಡಿದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ನನ್ನ ಮಾತು, ನನ್ನ ಮೆಟ್ಟಿಲು, ನನ್ನ ಹೆಂಗಸರು ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದಳು. ತಾನು ಹೊಗೆ ಕುಡಿದು ಮಾಡಿದ ಅಡುಗೆಯನ್ನು ಇನ್ನೊಬ್ಬಳು ಬಡಿಸಿ ಹೊಗಳಿಸಿಕೊಂಡಂತೆ ಅನಿಸುತ್ತಿತ್ತು. ಆಮೇಲೆ ಯಾವ ಊರಿನಲ್ಲೂ ಅವಳಿಗೆ ಮೆಟ್ಟಿಲಿನ ಪಾಠ ಹೇಳಲಾಗಲಿಲ್ಲ. ಬಾಯಿ ತೆರೆದರೆ ಯಾರಾದರೂ ಬಳೆಗಾರ್ತಿಯ ಹೆಸರು ಎತ್ತುತ್ತಾರೆಂಬ ಅಂಜಿಕೆ.

ಕೊನೆಗೆ ಅವಳು ಒಂದು ಪ್ರಶ್ನೆಯನ್ನು ಮಸೆದಿಟ್ಟುಕೊಂಡಳು.

ಆ ಪಾಠದಲ್ಲಿ ಒಂದು ಹುಳುಕು ಇತ್ತು. ಮೇಲಿನ ಮನೆಯವಳು ಏಳದಿದ್ದರೆ? ಜ್ವರ ಬಂದು ಮಲಗಿದ್ದರೆ? ರಾತ್ರಿ ಪಾಳಿ ಮುಗಿಸಿ ಬಂದು ಆಗತಾನೇ ಕಣ್ಣು ಮುಚ್ಚಿದ್ದರೆ? ಆಗ ಅವಳ ಕೆಳಗಿನವರೆಲ್ಲ ಪೊರಕೆ ಹಿಡಿದು ಕಾಯಬೇಕು. ಹೊತ್ತು ಏರುತ್ತದೆ. ಬಾಗಿಲುಗಳು ಬೋಳಾಗಿ ನಿಂತಿರುತ್ತವೆ. ಅವಳು ಮೊದಲು ಪಾಠ ಹೇಳಿದ ಮನೆಗಳ ಒಂದು ಮೆಟ್ಟಿಲಿನಲ್ಲಿ ಹೀಗಾಗಿಯೇ ಮತ್ತೆ ಜಗಳ ಎದ್ದಿತ್ತು. ಶಿಕ್ಷಕಿಗೆ ಉತ್ತರ ಹೊಳೆದಿರಲಿಲ್ಲ. ಅಷ್ಟರಲ್ಲಿ ಬೇರೆ ಊರಿನಿಂದ ಕರೆ ಬಂತು. ಅವಳು ಹೊರಟು ಹೋಗಿದ್ದಳು.

ಬಳೆಗಾರ್ತಿ ಈಗ ಇನ್ನೊಂದು ಕಡೆ ಹೊಸದಾಗಿ ಕಟ್ಟಿದ ಮನೆಗಳಲ್ಲಿ ಪಾಠ ಹೇಳುತ್ತಿದ್ದಳು. ಆ ಪಾಠದ ನಡುವೆ ಎದ್ದು ಇದನ್ನು ಕೇಳಬೇಕು. ಎಲ್ಲರ ಎದುರಿಗೆ ಅವಳ ಬಾಯಿ ಕಟ್ಟಬೇಕು. ಆಮೇಲೆ, ಈ ಪಾಠ ನನ್ನದು ಎನ್ನಬೇಕು. ಇಷ್ಟನ್ನು ಯೋಚಿಸಿಕೊಂಡೇ ಅವಳು ಬಸ್ಸು ಹತ್ತಿ, ಬಸ್ಸು ಬದಲಿಸಿ, ಆ ಹೊಸ ಮನೆಗಳ ನಡುವೆ ಬಂದು ದಾರಿ ತಪ್ಪಿದ್ದು.

ಹೆಂಗಸು ಅವಳನ್ನು ಒಂದು ಕೋಣೆಗೆ ಕರೆದುಕೊಂಡು ಹೋದಳು. ಕೋಣೆ ತುಂಬಿತ್ತು. ಬಳೆಗಾರ್ತಿ ಮುಂದೆ ನಿಂತು ಮಾತಾಡುತ್ತಿದ್ದಳು. ಶಿಕ್ಷಕಿಯನ್ನು ಕಂಡಳು. ಮಾತು ನಿಲ್ಲಿಸಲಿಲ್ಲ. ಟೀಚರ್ ಬಂದರು ಎನ್ನಲಿಲ್ಲ, ಕುರ್ಚಿ ತರಿಸಲಿಲ್ಲ. ಬಾಗಿಲ ಹತ್ತಿರದ ಚಾಪೆಯ ಕಡೆ ಗದ್ದ ಎತ್ತಿ ತೋರಿಸಿದಳು. ಮುಯ್ಯಿಗೆ ಬಂದವರನ್ನು ಕೂರಿಸುವುದೇ ಹಾಗೆ.

ಶಿಕ್ಷಕಿ ಕೂತಳು. ಅವಳು ಚಾಪೆಯ ಮೇಲೆ ಕೂತು ಎಷ್ಟೋ ಕಾಲವಾಗಿತ್ತು. ಮಂಡಿ ಲಟಕ್ಕೆಂದಿತು. ಪಕ್ಕದವಳು "ಗ್ವಾಡಿಗೆ ಆನಿಕೊಂಡು ಕೂಡಬೇ ಯವ್ವಾ" ಎಂದು ಸರಿದು ಜಾಗ ಕೊಟ್ಟಳು. ಶಿಕ್ಷಕಿಗೆ ಅದಕ್ಕೂ ಸಿಟ್ಟು ಬಂತು.

ನಡೆಯುತ್ತಿದ್ದದ್ದು ಮೆಟ್ಟಿಲಿನ ಪಾಠವೇ. ಬಳೆಗಾರ್ತಿಯ ಹತ್ತಿರ ಚಿತ್ರ ಇರಲಿಲ್ಲ. ತನ್ನ ಕೈಯನ್ನೇ ಎತ್ತಿ ಹಿಡಿದಿದ್ದಳು. "ಬಳಿ ಏರಿಸುವಾಗ ಮುಂದಿನ ಬಳಿ ಸರಿಯದ ಹಿಂದಿನ ಬಳಿ ಏರತೈತೇನು? ಏರಿಸಾಕ ಹೋದ್ರ ಒಡೀತೈತಿ. ಮೆಟ್ಟಿಲೂ ಹಂಗ. ಮ್ಯಾಲಿನಾಕಿ ಮೊದಲು" ಎಂದಳು. ಹೆಂಗಸರು ತಮ್ಮ ತಮ್ಮ ಕೈ ನೋಡಿಕೊಂಡು ನಕ್ಕರು. ಶಿಕ್ಷಕಿಗೂ ಆ ಮಾತು ಹಿಡಿಸಿತು. ಹಿಡಿಸಿದ್ದರಿಂದಲೇ ಉರಿ ಹೆಚ್ಚಾಯಿತು. ಅಷ್ಟು ಊರುಗಳಲ್ಲಿ ಅಷ್ಟು ಸಲ ಹೇಳಿದರೂ ತನಗೆ ಅದು ಹೊಳೆದಿರಲಿಲ್ಲ.

ಅವಳು ಎದ್ದು ನಿಂತಳು. "ಮ್ಯಾಲಿನಾಕಿ ಏಳಲಿಲ್ಲಂದ್ರ?" ಎಂದಳು.

ಬಳೆಗಾರ್ತಿ ಕೈ ಇಳಿಸಿದಳು. ಯೋಚಿಸಿದಳು. "ಗೊತ್ತಿಲ್ರೀ" ಎಂದಳು.

ಬಸ್ಸಿನಲ್ಲಿ ಶಿಕ್ಷಕಿ ಕಲ್ಪಿಸಿಕೊಂಡಿದ್ದದ್ದು ಇದನ್ನೇ. ಮುಂದೆ ನಡೆದದ್ದೂ ಅವಳು ಕಲ್ಪಿಸಿಕೊಂಡ ಹಾಗೆಯೇ ಇತ್ತು. "ಗೊತ್ತಿಲ್ಲಂದ ಮ್ಯಾಲ ನಮ್ಮನ್ನ ಯಾಕ ಕರದಿ? ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ" ಎಂದು ಒಬ್ಬಳು ಸೆರಗು ಕೊಡವಿ ಎದ್ದಳು. "ನಮ್ಮ ಮೆಟ್ಟಿಲದಾಗ ಮ್ಯಾಲಿನಾಕಿ ಸೂರ್ಯ ನೆತ್ತಿಗೆ ಬಂದ್ರೂ ಏಳೂದಿಲ್ಲ. ಇಕೀ ಮಾತು ಕೇಳಿದ್ರ ನಮ್ಮ ಮನೀಗೆ ಸಂಜೀಕ ರಂಗೋಲಿ" ಎಂದು ಇನ್ನೊಬ್ಬಳು ನಗಿಸಿದಳು. "ಸುಮ್ಮ ಬಳಿ ಮಾರೂದು ಬಿಟ್ಟು ಇದೊಂದು ಹಚ್ಯಾಳ" ಎಂದು ಮೂಲೆಯಿಂದ ಒಂದು ಮಾತು ಬಂತು. ಕೆಲವರು ಬಾಗಿಲಲ್ಲಿ ಚಪ್ಪಲಿ ಹುಡುಕತೊಡಗಿದರು. ಬಳೆಗಾರ್ತಿ ಯಾರನ್ನೂ ತಡೆಯಲಿಲ್ಲ. ಇವತ್ತು ಹೀಗೆ ಎದ್ದು ಹೋದವರು ನಾಳೆ ಬರುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ಶಿಕ್ಷಕಿಗೂ ಗೊತ್ತಿತ್ತು.

ಬೇಕಾದದ್ದು ಸಿಕ್ಕಿತ್ತು. ಇನ್ನು ಒಂದೇ ಮಾತು ಉಳಿದಿತ್ತು. ಶಿಕ್ಷಕಿ ಅದನ್ನು ಹೇಳಲು ಬಾಯಿ ತೆರೆದಳು, ತೆರೆದವಳು ತಡೆದಳು. ಪಾಠ ನನ್ನದು ಎಂದರೆ ಹುಳುಕು ಯಾರದಾಗುತ್ತದೆ? ಸುಮ್ಮನೆ ಹೊರಟುಬಿಟ್ಟರೆ ಹುಳುಕು ಬಳೆಗಾರ್ತಿಯ ತಲೆಗೆ ಬೀಳುತ್ತದೆ. ಆದರೆ ಪಾಠವೂ ಬಳೆಗಾರ್ತಿಯದಾಗಿಯೇ ಉಳಿಯುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವ ದಾರಿ ಇರಲಿಲ್ಲ. ಹೊಟ್ಟೆಯ ಕಿಚ್ಚು ಇನ್ನೂ ಆರಿರಲಿಲ್ಲ. ಅದಕ್ಕೆ ತನ್ನ ಪಾಠ ಬೇಕಾಗಿತ್ತು. ಹುಳುಕಿನ ಸಮೇತವಾದರೂ ಬೇಕಾಗಿತ್ತು.

"ಕೂಡ್ರಿ ಎಲ್ಲಾರೂ" ಎಂದಳು. ಊರೂರಿನಲ್ಲಿ ಮಾತಾಡಿದ ಗಂಟಲು. ಚಪ್ಪಲಿ ಹುಡುಕುತ್ತಿದ್ದವರು ತಿರುಗಿ ನೋಡಿದರು. "ಈ ಪಾಠ ಇಕೀದಲ್ಲ, ನಂದು. ಮೊದಲ ಹೇಳಿದಾಕಿ ನಾನು. ಅದರಾಗಿನ ಹುಳುಕೂ ನಂದೇ. ಇಕಿ ಗೊತ್ತಿಲ್ಲಂತ ನಿಮ್ಮ ಮುಂದ ನಿಂತು ಹೇಳಿದ್ಲು. ನಾನು ಅಷ್ಟೂ ಹೇಳದ ಊರು ಬಿಟ್ಟಿದ್ದೆ."

ಒಲೆಯ ಮೇಲೆ ಬೇಳೆ ಇಟ್ಟು ಬಂದವಳು ಸೊಂಟಕ್ಕೆ ಕೈಕೊಟ್ಟು ಇಬ್ಬರನ್ನೂ ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಚಲೋ ಆತು ತಗೋ. ಇಬ್ಬರು ಟೀಚರು, ಇಬ್ಬರಿಗೂ ಗೊತ್ತಿಲ್ಲ. ಹಂಗಾರ ನೀವಿಬ್ಬರೂ ಕೂಡ್ರಿ. ನಾವು ಹೇಳ್ತೀವಿ."

ಕೋಣೆ ನಕ್ಕಿತು. ಹೊರಗೆ ಹೋದವರು ಒಳಗೆ ಬಂದರು. ಬಳೆಗಾರ್ತಿ ಬಂದು ಶಿಕ್ಷಕಿಯ ಪಕ್ಕ ಕೂತಳು. ಆಮೇಲೆ ಯಾರು ಪಾಠ ಹೇಳಿದರು, ಯಾರು ಕೇಳಿದರು ಎಂದು ಬಿಡಿಸಿ ಹೇಳುವುದು ಕಷ್ಟ. ಬಾಗಿಲು ಬಡಿದು ಎಬ್ಬಿಸಬೇಕು ಎಂದಳು ಒಬ್ಬಳು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ಆಯಾ ಒಬ್ಬಳು ಅವಳ ಮೇಲೆ ಹರಿಹಾಯ್ದಳು. "ನೀ ಒಂದಿನ ರಾತ್ರಿಯಿಡೀ ಎಚ್ಚರಿದ್ದು ನೋಡು, ಆಮ್ಯಾಲ ನನ್ನ ಬಾಗಲಾ ಬಡಿ." ಥಳಿಯನ್ನೇ ಬಿಡೋಣ ಎಂದವಳ ಬಾಯಿಯನ್ನು ಎಲ್ಲರೂ ಸೇರಿ ಮುಚ್ಚಿಸಿದರು. ಶಿಕ್ಷಕಿ ನಡುವೆ ಏನೋ ಹೇಳಹೋದಳು. "ತಡೀಬೇ, ಆಕೀ ಮಾತು ಮುಗೀಲಿ" ಎಂದು ಯಾರೋ ಅವಳನ್ನೇ ಗದರಿಸಿದರು. ಅವಳು ತಡೆದಳು.

ಅಷ್ಟು ಹೊತ್ತು ತುಟಿ ಬಿಚ್ಚದೆ ಕೂತಿದ್ದ ಒಬ್ಬ ಹೊಸ ಸೊಸೆ ಕೊನೆಗೆ ಹೇಳಿದಳು. "ಏಳಾಕ ಆಗೂದಿಲ್ಲ ಅನ್ನಾಕಿ ಹಿಂದಿನ ಸಂಜೀಗೇ ಬಾಗಲಾ ಮುಂದ ಬಕೀಟು ಬೋರಲ ಹಾಕಲಿ. ಅದನ್ನ ಕಂಡ ಕೆಳಗಿನಾಕಿ ಮ್ಯಾಲ ಹೋಗಿ ಮೊದಲು ಆಕೀ ಬಾಗಲಕ್ಕ ಥಳಿ ಹೊಡದು ಬರಲಿ. ಆಕಿ ಇನ್ನೊಂದಿನ ಇಕೀಗೆ ತೀರಿಸ್ತಾಳ. ಮುಯ್ಯಿ."

"ಮತ್ತ ನಾ ಮ್ಯಾಲ ಹತ್ತಬೇಕೇನ?" ಎಂದಳು ದಪ್ಪಗಿದ್ದ ಒಬ್ಬಳು.

"ಒಂದು ಮಾಳಿಗಿ ಹತ್ತಿದ್ರ ಕಾಲು ಸವಿಯೂದಿಲ್ಲ, ಹತ್ತು" ಎಂದಳು ಬೇಳೆಯವಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಗಲಿ, ಮಾಡಿ ನೋಡೂಣು ಎಂದರು. ಎದ್ದರು. ಬೇಳೆಯವಳು ಓಡಿದಳು.

ಶಿಕ್ಷಕಿಯ ಬಸ್ಸಿಗೂ ಹೊತ್ತಾಗಿತ್ತು. ಆದರೆ ಮುಯ್ಯಿಗೆ ಬಂದವರು ಕೆಲಸ ಮುಗಿಯುವ ಮೊದಲು ಹೋಗುವುದಿಲ್ಲ. ಬಳೆಗಾರ್ತಿ ಕೋಣೆ ಗುಡಿಸಿದಳು. ಶಿಕ್ಷಕಿ ಚಾಪೆಗಳನ್ನು ಕೊಡವಿ, ಸುತ್ತಿ, ಮೂಲೆಗೆ ನಿಲ್ಲಿಸಿದಳು. ಬಳೆಯ ಆ ಮಾತು ಚೆನ್ನಾಗಿತ್ತು ಎಂದು ಹೇಳಬೇಕೆಂದು ಶಿಕ್ಷಕಿಗೆ ಅನಿಸಿತು. ಬಾಯಿಗೆ ಬರಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವಳಿಗೆ ಒಂದೇ ಸಂಜೆಯಲ್ಲಿ ಬಂದಿರಲಿಲ್ಲ. ಕೊನೆಯ ಚಾಪೆಯನ್ನು ಸುತ್ತಿ ನಿಲ್ಲಿಸಿದ ಮೇಲೆ ಬಳೆಗಾರ್ತಿ ಪೊರಕೆ ಕೆಳಗಿಟ್ಟಳು.

"ತೀರಿತ್ರೀ" ಎಂದಳು.

ಸಾವಂತ್ರಕ್ಕ ಕತೆಯನ್ನು ಅಲ್ಲಿಗೆ ಬಿಟ್ಟಳು. ಸೋಸಿದ ಸೊಪ್ಪನ್ನು ಬುಟ್ಟಿಗೆ ತುಂಬತೊಡಗಿದಳು.

"ಅಷ್ಟೆಲ್ಲಾ ಆದ ಮ್ಯಾಲ ಆಕೀ ಹೊಟ್ಟಿಕಿಚ್ಚು ಹೋತೇನಕ್ಕಾ?" ಎಂದು ನೀಲಗಂಗಾ ಕೇಳಿದಳು.

"ಎಲ್ಲೀದು, ಹೋಗಲಿಲ್ಲ, ಆಕೀದು ಆಕೀನ್ನ ಬಳಿಗಾರ್ತೀ ಚಾಪಿ ತನಕ ನಡಿಸಿಕೊಂಡು ಹೋತು, ನಿಂದು ನಿನ್ನ ನನ್ನ ಜಗಲೀಗೆ ತಂದು ಕೂಡಿಸೇತಿ" ಎಂದಳು ಸಾವಂತ್ರಕ್ಕ.